ಹೊಟ್ಟೆ ನೋಡಿದ್ರಾ?

ರಾತ್ರಿ ಎಂಟೂವರೆ ಇರಬೇಕು. ಡಿಗ್ಲಿಪುರದ ಲಾಡ್ಜಿನ ರೂಮಿನಲ್ಲಿ ಟ್ಯೂಬ್‌ಲೈಟಿಗೆ ಏನೋ ಪಟಪಟ ಬಡಿಯತೊಡಗಿತು. ಬಾವಲಿ ಅಂದುಕೊಂಡೆ. ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡು ಮಂಚದ ಆ ಬದಿಗೆ ಸರಿದು, "ರೀ, ಮೊದ್ಲು ಫ್ಯಾನ್ ಆಫ್ ಮಾಡಿ" ಅಂದಳು. ಫ್ಯಾನ್ ನಿಲ್ಲುವಷ್ಟರಲ್ಲಿ ಅದು ಗೋಡೆಗೆ ತಾಗಿ, ಹಾಗೇ ಕೆಳಕ್ಕೆ ಜಾರಿ, ಸೂಟ್‌ಕೇಸಿನ ಹಿಂದೆ ಬಿತ್ತು.

ಬಗ್ಗಿ ನೋಡಿದರೆ ಹಕ್ಕಿ. ಸತ್ತಿರಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಎರಡೂ ರೆಕ್ಕೆ ಕುಡುಗೋಲಿನ ಹಾಗೆ ಆಚೀಚೆ ಚಾಚಿಕೊಂಡು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತ್ತು. ಮೈ ನನ್ನ ಹೆಬ್ಬೆರಳಿಗಿಂತ ಒಂಚೂರು ದೊಡ್ಡದು. ರೆಕ್ಕೆ ಮಾತ್ರ ಯಾವುದೋ ದೊಡ್ಡ ಹಕ್ಕಿಯಿಂದ ಸಾಲ ತಂದು ಹಚ್ಚಿಕೊಂಡ ಹಾಗಿತ್ತು. ಮೆಲ್ಲಗೆ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಹತ್ತು ರೂಪಾಯಿ ನಾಣ್ಯದಷ್ಟು ಭಾರ ಇದ್ದರೆ ಹೆಚ್ಚು. ಎದೆಬಡಿತ ಬೆರಳಿಗೆ ಸಿಗುತ್ತಿತ್ತು, ಮೊಬೈಲ್ ವೈಬ್ರೇಟ್ ಆದ ಹಾಗೆ.

"ಬೆಳಿಗ್ಗೆ ನೀವು ನೋಡಿದ್ದು ಇದೇನಾ?" ಹೆಂಡತಿ ಹತ್ತಿರ ಬಂದು ಕೇಳಿದಳು.

ಹಕ್ಕಿಯನ್ನು ಸ್ವಲ್ಪ ವಾಲಿಸಿ ನೋಡಿದೆ. ಹೊಟ್ಟೆ ಬೆಳ್ಳಗಿತ್ತು. ನಾನು ಉತ್ತರ ಕೊಡಲಿಲ್ಲ.

ಬೆಳಿಗ್ಗೆ ಆಗಿದ್ದು ಇಷ್ಟು. ರಾಸ್ ಮತ್ತು ಸ್ಮಿತ್ ದ್ವೀಪಗಳಿಗೆ ಹೋಗಲು ಏರಿಯಲ್ ಬೇ ಜೆಟ್ಟಿಯಲ್ಲಿ ದೋಣಿಗೆ ಕಾಯುತ್ತಿದ್ದೆವು. ಫೆಬ್ರುವರಿ ಕೊನೆಯ ವಾರ. ಆಕಾಶ ಬಿಳಿ ಹಂಡೆಯ ಹಾಗೆ ಹೊಳೆಯುತ್ತಿತ್ತು. ತಲೆಯ ಮೇಲೆ ಮೂವತ್ತು ನಲವತ್ತು ಪುಟ್ಟ ಕರಿ ಹಕ್ಕಿಗಳು ಸುತ್ತುತ್ತಿದ್ದವು. ದೋಣಿಯವನು ತಲೆ ಎತ್ತದೆಯೇ "ಹವಾಬಿಲ್" ಅಂದ. ಅಂಡಮಾನಿನ ಹಿಂದಿಯಲ್ಲಿ ಈ ಜಾತಿಯ ಹಕ್ಕಿಗಳಿಗೆಲ್ಲ ಅದೊಂದೇ ಹೆಸರು. ಉರ್ದುವಿನ ಅಬಾಬೀಲ್ ಬಾಯಿಂದ ಬಾಯಿಗೆ ತಿರುಗಿ ಹೀಗಾಗಿರಬೇಕು ಅಂತ ನನ್ನ ಲೆಕ್ಕ. ಹವೆಯಲ್ಲೇ ಇರೋ ಹಕ್ಕಿಗೆ ಹವಾ ಸೇರಿಕೊಂಡಿದ್ದು ಚೆನ್ನಾಗೇ ಇದೆ.

ನಾನು ಬೈನಾಕ್ಯುಲರ್ ಕಣ್ಣಿಗೆ ಹಚ್ಚಿದೆ. ಎರಡು ನಿಮಿಷ ನೋಡಿದೆನೋ ಇಲ್ಲವೋ, ಡೈರಿ ತೆಗೆದು "ಎಡಿಬಲ್-ನೆಸ್ಟ್ ಸ್ವಿಫ್ಟ್‌ಲೆಟ್, 40" ಅಂತ ಬರೆದೆ. ಜೊಲ್ಲಿನಿಂದಲೇ ಗೂಡು ಕಟ್ಟುವ, ಆ ಗೂಡಿನಿಂದ ಚೀನೀಯರು ಸೂಪ್ ಮಾಡುವ, ನಾನು ಇಷ್ಟು ದೂರ ಬಂದದ್ದೇ ಯಾವುದಕ್ಕೋ ಆ ಹಕ್ಕಿ. ಜೀವನದಲ್ಲಿ ಮೊದಲ ಸಲ. ಪಕ್ಕದಲ್ಲೊಂದು ನಕ್ಷತ್ರ ಬೇರೆ ಹಾಕಿದೆ.

ಹೆಂಡತಿಗೆ ಹಕ್ಕಿ ಹುಚ್ಚಿಲ್ಲ. ಪುಸ್ತಕ ಹಿಡಿದುಕೊಳ್ಳುವ ಕೆಲಸ ಅವಳದು. ಹಿಡಿದವಳು ಸುಮ್ಮನಿರುವುದಿಲ್ಲ, ಪುಟ ತಿರುಗಿಸುತ್ತಾಳೆ.

"ಇದರಲ್ಲಿ ಇನ್ನೊಂದು ಇದೆಯಲ್ಲ, ಬಿಳಿ ಹೊಟ್ಟೆದು. ಹೊಟ್ಟೆ ನೋಡಿದ್ರಾ?"

"ಹೊಟ್ಟೆ ನೋಡೋದೇನೂ ಬೇಡ ಮಾರಾಯ್ತಿ. ಪೂರ್ತಿ ಕಪ್ಪು ಕಾಣ್ತಿದೆಯಲ್ಲ."

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಅಂದರೆ, ಊರಿನಿಂದ.

ನಮ್ಮೂರು ಹೊನ್ನಾವರದ ಹತ್ತಿರ. ಮುರುಡೇಶ್ವರದ ದಂಡೆಯಲ್ಲಿ ನಿಂತರೆ ಸುಮಾರು 20 ಕಿಲೋಮೀಟರ್ ಆಚೆ ಸಮುದ್ರದಲ್ಲಿ ನೇತ್ರಾಣಿ ಗುಡ್ಡ ಕಾಣುತ್ತದೆ. ಮಂಜಿಲ್ಲದ ದಿನ ಮಾತ್ರ. ಆ ಗುಡ್ಡದ ಬಂಡೆಗಳ ಸಂದಿನಲ್ಲಿ ಇಂಡಿಯನ್ ಸ್ವಿಫ್ಟ್‌ಲೆಟ್‌ಗಳು ಗೂಡು ಕಟ್ಟುತ್ತವೆ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲೂ ಇವೆ. ಗೇರುಸೊಪ್ಪದ ಘಾಟಿಯಲ್ಲಿ ಬಸ್ ತಿರುವು ತೆಗೆದುಕೊಳ್ಳುವಾಗ ಕಿಟಕಿಯ ಪಕ್ಕವೇ ಸರ್ರನೆ ಹಾದು ಹೋಗುವ ಮಣ್ಣು ಬಣ್ಣದ ಪುಟ್ಟ ಹಕ್ಕಿ ಅದೇ. ಹಕ್ಕಿ ಪಂಡಿತ ಜರ್ಡನ್ 1840ರಲ್ಲಿ ಅದಕ್ಕೆ ಯುನಿಕಲರ್ ಅಂತ ಹೆಸರಿಟ್ಟ. ಒಂದೇ ಬಣ್ಣದ್ದು, ಅಷ್ಟೇ. ಪಾಪ, ಇನ್ನೇನು ಹೇಳಲಿ ಅನ್ನಿಸಿರಬೇಕು ಅವನಿಗೂ.

ನಮ್ಮಲ್ಲಿ ಅದನ್ನು ಗುರುತಿಸುವುದು ಕಳೆಯುವ ಲೆಕ್ಕ. ಸ್ವಿಫ್ಟ್‌ಲೆಟ್ ಅಂದರೆ ಸ್ವಿಫ್ಟ್ ಕುಟುಂಬದ ಪುಟ್ಟ ಹಕ್ಕಿ. ತಂತಿ ಮೇಲೆ ಕೂತರೆ ಅದು ಸ್ವಿಫ್ಟೇ ಅಲ್ಲ, ಕವಲುತೋಕೆ. ಸ್ವಿಫ್ಟ್ ಕುಟುಂಬಕ್ಕೆ ತಂತಿ ಹಿಡಿದು ಕೂರುವ ಕಾಲೇ ಇಲ್ಲ. ಗ್ರೀಕಿನಿಂದ ಬಂದ ಕುಟುಂಬದ ಹೆಸರಿನ ಅರ್ಥವೇ ಕಾಲಿಲ್ಲದ್ದು. ಇನ್ನು ಉಳಿದವುಗಳಲ್ಲಿ ಸೊಂಟದ ಮೇಲೆ ಬಿಳಿ ಪಟ್ಟಿ ಇದ್ದರೆ ಮನೆ ಸೂರಿನ ಸ್ವಿಫ್ಟ್. ಸಪೂರ ಮೈ, ಉದ್ದ ಕವಲು ಬಾಲ ಇದ್ದರೆ ತಾಳೆ ಮರದ್ದು. ದೊಡ್ಡದಾಗಿದ್ದು, ತಲೆಯ ಪಕ್ಕ ಹಾದಾಗ ಗಾಳಿ ಸೀಳಿದ ಶಬ್ದ ಬಂದರೆ ನೀಡಲ್‌ಟೇಲ್. ಇವನ್ನೆಲ್ಲ ಕಳೆದ ಮೇಲೆ ಉಳಿಯುವ, ಹೇಳಲು ಏನೂ ಇಲ್ಲದ ಹಕ್ಕಿ ಸ್ವಿಫ್ಟ್‌ಲೆಟ್. ಇಪ್ಪತ್ತು ವರ್ಷ ಹೀಗೇ ಗುರುತಿಸಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ತಪ್ಪಲು ಇನ್ನೊಂದು ಇರಬೇಕಲ್ಲ.

ಅಂಡಮಾನಿನಲ್ಲಿ ಇನ್ನೊಂದು ಇದೆ. ಮತ್ತೊಂದೂ ಇದೆ.

ಮೊದಲನೆಯದು ಪ್ಲೂಮ್-ಟೋಡ್ ಸ್ವಿಫ್ಟ್‌ಲೆಟ್. ಉದ್ದ ಸುಮಾರು 10 ಸೆಂಟಿಮೀಟರ್. ಬೆನ್ನು ನೀಲಿ ಮಿಂಚುವ ಕಪ್ಪು, ಹೊಟ್ಟೆ ಬಿಳಿ. ಪೇಟೆ, ಜೆಟ್ಟಿ, ಶಾಲೆ, ಎಲ್ಲೆಲ್ಲೂ ಇದೇ ಜಾಸ್ತಿ. ಎರಡನೆಯದು ಎಡಿಬಲ್-ನೆಸ್ಟ್. ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದ, ಮೈಯೆಲ್ಲ ಕಂದು, ಹೊಳಪಿಲ್ಲ. ಮೂರನೆಯದು ಚಳಿಗಾಲಕ್ಕೆ ಬಂದು ಹೋಗುವ ಹಿಮಾಲಯನ್ ಸ್ವಿಫ್ಟ್‌ಲೆಟ್. ಅದೂ ಕಂದೇ. ಇನ್ನೂ ಸ್ವಲ್ಪ ದೊಡ್ಡದು, ಬಾಲದ ಸೀಳು ಸ್ವಲ್ಪ ಆಳ, ಸೊಂಟ ಸ್ವಲ್ಪ ಮಾಸಲು. ಈ 'ಸ್ವಲ್ಪ'ಗಳು ಪುಸ್ತಕದ ಪುಟದಲ್ಲಿ ಮೂರು ಹಕ್ಕಿಗಳನ್ನು ಸಾಲಾಗಿ ಬರೆದಾಗ ಕಾಣುತ್ತವೆ. ಆಕಾಶದಲ್ಲಿ ಯಾರೂ ಸಾಲಾಗಿ ಬರೆದಿರುವುದಿಲ್ಲ.

ಹಾಗಾದರೆ ಬಿಳಿ ಹೊಟ್ಟೆಯದನ್ನಾದರೂ ಬೇರೆ ಮಾಡಬಹುದಲ್ಲ? ಮಾಡಬಹುದು, ಬೆಳಕು ಒಪ್ಪಿದರೆ. ಆ ರಾತ್ರಿ ಹಕ್ಕಿಯನ್ನು ಚಪ್ಪಲಿ ಡಬ್ಬದಲ್ಲಿ ಮಲಗಿಸಿ, ಮುಚ್ಚಳಕ್ಕೆ ಪೆನ್ನಿನಿಂದ ನಾಲ್ಕು ತೂತು ಮಾಡಿ, ಬೆಳಗಿನ ಫೋಟೋಗಳನ್ನು ಒಂದೊಂದಾಗಿ ತೆಗೆದೆ. ಒಂದೇ ಹಕ್ಕಿಯ ಒಂಬತ್ತು ಫೋಟೋ ಒಂದರ ಹಿಂದೆ ಒಂದು ಬಂದಿದ್ದವು. ಮೊದಲ ಐದರಲ್ಲಿ ಅದು ಮಸಿ ಮೆತ್ತಿದ ಹಾಗೆ ಪೂರ್ತಿ ಕಪ್ಪು. ಆರನೆಯದರಲ್ಲಿ ಅದು ಮಗ್ಗುಲಾಗಿದೆ, ಹಿಂದೆ ಆಕಾಶದ ಬದಲು ಗುಡ್ಡದ ಹಸಿರು ಬಂದಿದೆ, ಹೊಟ್ಟೆ ಬಿಳಿ. ಏಳನೆಯದರಲ್ಲಿ ಮತ್ತೆ ಕಪ್ಪು. ಬೆಳ್ಳಗಿನ ಆಕಾಶದ ಎದುರು ಬಿಳಿ ಹೊಟ್ಟೆಯೂ ನೆರಳೇ. ತಿರುಗಾಮುರುಗಾ ಕೂಡ ಆಗುತ್ತದೆ. ಮರಳಿನ ಮೇಲೋ ತಿಳಿನೀರಿನ ಮೇಲೋ ಹಾರುವಾಗ ಕೆಳಗಿನ ಬೆಳಕು ತಾಗಿ ಕಂದು ಹೊಟ್ಟೆ ಮಾಸಲು ಬಿಳಿಯಾಗಿ ಕಾಣುತ್ತದೆ. ಆದ್ದರಿಂದ ಹಕ್ಕಿ ಕಣ್ಣಿನ ಮಟ್ಟಕ್ಕೋ ಕೆಳಕ್ಕೋ ಬರುವವರೆಗೆ, ಹಿಂದೆ ಮರವೋ ಗುಡ್ಡವೋ ಸಿಗುವವರೆಗೆ, ಬಾಯಿ ಮುಚ್ಚಿಕೊಂಡು ಕಾಯಬೇಕು. ಹಾರುವ ರೀತಿಯೂ ಕೈ ಹಿಡಿಯುತ್ತದೆ. ಬಿಳಿ ಹೊಟ್ಟೆಯದು ಗಿಡಮರಗಳ ಮಟ್ಟದಲ್ಲಿ, ಚಿಟ್ಟೆಯೋ ಬಾವಲಿಯೋ ಅನ್ನುವ ಹಾಗೆ ಪಟಪಟಿಸಿಕೊಂಡು ಓಡಾಡುವುದು ಜಾಸ್ತಿ.

ಡೈರಿಯ ನಕ್ಷತ್ರದ ಮೇಲೆ ಗೀಟು ಹಾಕಿದೆ. ಆದರೆ ಪೂರ್ತಿ ಸಮಾಧಾನ ಆಗಲಿಲ್ಲ. ಆ ಒಂಬತ್ತು ಮುಗಿದ ಮೇಲೆ ಬಂದ ಕೊನೆಯ ನಾಲ್ಕು ಫೋಟೋಗಳಲ್ಲಿ ಇದ್ದದ್ದು ಬೇರೆ ಹಕ್ಕಿ. ಹಿಂದೆ ಗುಡ್ಡ ಇದೆ, ಬೆಳಕು ಚೆನ್ನಾಗಿದೆ, ಹೊಟ್ಟೆ ನಿಜವಾಗಿಯೂ ಕಂದು. ಅಂದರೆ ಗುಂಪಿನಲ್ಲಿ ಎರಡೂ ಇದ್ದವು. ಆ ಕಂದು ಹಕ್ಕಿ ಎಡಿಬಲ್-ನೆಸ್ಟೋ, ಹಿಮಾಲಯನ್ನೋ?

ಇದು ನನ್ನೊಬ್ಬನ ಪಾಡಲ್ಲ ಅನ್ನುವುದಕ್ಕೆ ಈ ಹಕ್ಕಿಗಳ ಹೆಸರುಗಳೇ ಸಾಕ್ಷಿ. ಬಿಳಿ ಹೊಟ್ಟೆಯದಕ್ಕೆ 1867ರಲ್ಲಿ ಬೀವನ್ ಇಟ್ಟ ಹೆಸರು ಅಫಿನಿಸ್. ಅಂದರೆ ಇನ್ನೊಂದಕ್ಕೆ ಹತ್ತಿರದ್ದು, ನೆಂಟ. ಉಳಿದೆರಡಕ್ಕೆ 1873ರಲ್ಲಿ ಹೆಸರಿಟ್ಟವನು ಎ. ಓ. ಹ್ಯೂಮ್. ಹೌದು, ನಾವು ಶಾಲೆಯಲ್ಲಿ ಕಾಂಗ್ರೆಸ್ ಸ್ಥಾಪಕ ಅಂತ ಬಾಯಿಪಾಠ ಮಾಡಿದ ಅದೇ ಹ್ಯೂಮ್. 1885ಕ್ಕೆ ಮೊದಲು ಅವನ ತಲೆ ತುಂಬ ಹಕ್ಕಿಗಳೇ ಇದ್ದವು. ಗೂಡಿನ ಹಕ್ಕಿಗೆ ಇನೆಕ್ಸ್‌ಪೆಕ್ಟೇಟ ಅಂದ, ನಿರೀಕ್ಷೆ ಮಾಡದೆ ಸಿಕ್ಕಿದ್ದು. ಇನ್ನೊಂದಕ್ಕೆ ಇನ್ನೊಮಿನೇಟ ಅಂದ, ಹೆಸರಿಲ್ಲದ್ದು. ಹೆಸರಿಲ್ಲದ್ದು ಅನ್ನೋದನ್ನೇ ಹೆಸರು ಮಾಡಿಬಿಟ್ಟ! ನಮ್ಮ ಕಡೆ ಹೆಸರಿಡದ ಕೂಸನ್ನು ಪಾಪು ಅಂತ ಕರೆದು, ಮುದುಕನಾದರೂ ಪಾಪಣ್ಣ ಅಂತ ಉಳಿದುಬಿಡುವುದಿಲ್ಲವೇ, ಹಾಗೆ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಇನ್ನೂ ಹಿಂದಿನದು. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಎಸ್ಕುಲೆಂಟ ಅಂತ ಒಂದು ಹೆಸರು ಕೊಟ್ಟ. ಅರ್ಥ, ತಿನ್ನಬಹುದಾದ್ದು. ಆ ಹೆಸರು ಹೋಗಿ ಕೂತಿದ್ದು ಯಾರೂ ತಿನ್ನದ ಗೂಡು ಕಟ್ಟುವ, ಹೊಳಪು ಬೆನ್ನಿನ ಹಕ್ಕಿಯ ಮೇಲೆ. ಅಂಡಮಾನಿನ ಬಿಳಿ ಹೊಟ್ಟೆಯದನ್ನೂ ಬಹಳ ಕಾಲ ಆ ಎಸ್ಕುಲೆಂಟದ ಒಂದು ಉಪಜಾತಿ ಅಂತಲೇ ಬರೆಯುತ್ತಿದ್ದರು. 2017ರಲ್ಲಿ ಆ ದೊಡ್ಡ ಗುಂಪನ್ನು ಒಡೆದು ನೋಡಿದ ಅಧ್ಯಯನ ಬಂದ ಮೇಲೆ ಇದು ಬೇರೆ ಜಾತಿಯಾಯಿತು, ಅಫಿನಿಸ್ ಹೆಸರು ಇದರದ್ದೇ ಆಯಿತು. ಏರಿಯಲ್ ಬೇ ಜೆಟ್ಟಿಯಲ್ಲಿ ನಾನು ಮಾಡಿದ ತಪ್ಪಿಗೂ ಲಿನೇಯಸ್‌ನ ಎಡವಟ್ಟಿಗೂ ಒಂದು ನೆಂಟಸ್ತನ ಇದೆ ಅಂತ ಹೆಂಡತಿಗೆ ಹೇಳಿದೆ. ಅವಳು ಡಬ್ಬದಲ್ಲಿ ಸದ್ದು ಕೇಳುತ್ತದಾ ಅಂತ ಕಿವಿ ಹಚ್ಚಿದ್ದಳು. "ಅವರು ಹೆಂಡ್ತಿ ಮಾತು ಕೇಳಿರಲಿಕ್ಕಿಲ್ಲ" ಅಂದಳು.

ಮಾರನೆಯ ದಿನದ ಮಧ್ಯಾಹ್ನ ಒಂದು ಸಣ್ಣ ಗವಿಗೆ ಹೋಗುವುದಿತ್ತು. ಅರಣ್ಯ ಇಲಾಖೆಯ ಪರವಾನಗಿ, ಜೊತೆಗೆ ಒಬ್ಬ ಕಾವಲುಗಾರ. ಕಾಡಿನಲ್ಲಿ ಬೇರು ಹಿಡಿದು ಹತ್ತಿ, ಸುಣ್ಣಕಲ್ಲಿನ ಬಂಡೆಯ ಸೀಳಿನಲ್ಲಿ ಅಡ್ಡವಾಗಿ ನುಸುಳಬೇಕು. ಹತ್ತು ಹೆಜ್ಜೆ ಒಳಗೆ ಹೋದರೆ ಕಣ್ಣು ಕಟ್ಟಿದ ಕತ್ತಲು. ಕಾವಲುಗಾರ ಟಾರ್ಚ್ ಆರಿಸಿ, ಮಾತಾಡಬೇಡಿ ಅಂತ ಕೈ ಒತ್ತಿದ.

ಆಗ ಕೇಳಿತು. ಕಟಕಟಕಟ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಒಂದು ಬಾಗಿಲ ಕಡೆಯಿಂದ ಬಂದು ನನ್ನ ಕಿವಿಯ ಪಕ್ಕ ಹಾದು ಒಳಕ್ಕೆ ಹೋಯಿತು. ಬಂಡೆ ಹತ್ತಿರವಾದಂತೆ ಕಟಕಟ ಇನ್ನೂ ದಟ್ಟವಾಗಿ, ಆಮೇಲೆ ನಿಂತುಬಿಟ್ಟಿತು. ಅಂದರೆ ಕೂತಿತು. ಬಾವಲಿಯ ಕೂಗು ನಮ್ಮ ಕಿವಿಗೆ ಬೀಳುವುದಿಲ್ಲ, ಇದರದು ಬೀಳುತ್ತದೆ. ಕತ್ತಲಲ್ಲಿ ಪ್ರತಿಧ್ವನಿ ಕೇಳಿಕೊಂಡು ದಾರಿ ಹುಡುಕುವ ಹಕ್ಕಿಗಳು ಲೋಕದಲ್ಲಿ ಬೆರಳೆಣಿಕೆಯ ಗುಂಪುಗಳು. ಅವುಗಳಲ್ಲಿ ಈ ಕಂದು ಸ್ವಿಫ್ಟ್‌ಲೆಟ್‌ಗಳು ಒಂದು.

ಬಿಳಿ ಹೊಟ್ಟೆಯದಕ್ಕೆ ಈ ವಿದ್ಯೆ ಬರುವುದಿಲ್ಲ. ಅದಕ್ಕೆ ಬೆಳಕು ಬೇಕು. ಅದಕ್ಕೇ ಅದು ಗವಿಯ ಬಾಯಲ್ಲಿ, ಮನೆಯ ಸೂರಿನಲ್ಲಿ, ನಮ್ಮ ಲಾಡ್ಜಿನ ಮೆಟ್ಟಿಲಿನ ಮೂಲೆಯಲ್ಲಿ ಗೂಡು ಕಟ್ಟುತ್ತದೆ. ಅದಕ್ಕೇ ರಾತ್ರಿ ದಿಕ್ಕು ತಪ್ಪಿ ಟ್ಯೂಬ್‌ಲೈಟಿಗೆ ಬಡಿದುಕೊಂಡಿದ್ದು. 1970ರ ಸುಮಾರಿಗೆ ಪಂಡಿತರು ಈ ಗುಂಪನ್ನು ಒಡೆದಾಗ ಕಟಕಟ ಅನ್ನುವವು ಒಂದು ಕಡೆ, ಅನ್ನದವು ಇನ್ನೊಂದು ಕಡೆ ಅಂತ ಲೆಕ್ಕ ಸರಿಯಾಗಿ ಕೂತಿತ್ತು. ಆಮೇಲೆ 2004ರಲ್ಲಿ, ಕಟಕಟ ಅನ್ನಬಾರದ ಕಡೆಯ ಒಂದು ಹಕ್ಕಿ, ಫಿಲಿಪೀನ್ಸಿನ ಪಿಗ್ಮಿ ಸ್ವಿಫ್ಟ್‌ಲೆಟ್, ಗವಿಯಲ್ಲಿ ಕಟಕಟ ಅನ್ನುತ್ತದೆ ಅಂತ ಗೊತ್ತಾಯಿತು. ಈ ಹಕ್ಕಿಗಳು ಯಾವ ಗೆರೆಯನ್ನೂ ಬಹಳ ದಿನ ನೆಟ್ಟಗೆ ಇರಲು ಬಿಡುವುದಿಲ್ಲ.

ಕಾವಲುಗಾರ ಟಾರ್ಚನ್ನು ಕೈಯಿಂದ ಅರ್ಧ ಮುಚ್ಚಿ, ಬಂಡೆಯ ಕಡೆ ಒಂದೇ ಒಂದು ಸಲ ತೋರಿಸಿದ. ಗೂಡು. ಅರ್ಧ ಬಟ್ಟಲು, ಬಂಡೆಗೆ ಅಂಟಿಕೊಂಡಿದೆ. ಹುಲ್ಲಿಲ್ಲ, ಕಡ್ಡಿಯಿಲ್ಲ. ಸಬ್ಬಕ್ಕಿ ಸಂಡಿಗೆ ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಹೇಗೆ ಕಾಣುತ್ತದೋ ಹಾಗೆ, ಅರ್ಧ ಪಾರದರ್ಶಕ, ಎಳೆ ಎಳೆ. ಪೂರ್ತಿ ಜೊಲ್ಲು. ಲಾಡ್ಜಿನ ಮೆಟ್ಟಿಲಿನ ಗೂಡು ಇದರ ಮುಂದೆ ಕಸಬರಿಗೆಯ ತುದಿ. ಅದು ನಾರು, ಪಾಚಿ, ಒಣಕಡ್ಡಿ ಸೇರಿಸಿದ್ದು. ಜೊಲ್ಲು ಅದರಲ್ಲಿ ಬರೀ ಅಂಟು.

ಹಾರುವ ಹಕ್ಕಿಯನ್ನು ನೋಡಿ ನಾನು ಎರಡು ದಿನ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಗೂಡು ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟಿತು. ಗರಿಯ ಬಣ್ಣ ಒಂದೇ ಇರಬಹುದು, ಮನೆ ಕಟ್ಟುವ ರೀತಿ ಬೇರೆ. ಆದರೆ ಆ ಮನೆಯೇ ಇದರ ಪಾಲಿಗೆ ಕುತ್ತು. ಕೊಯಮತ್ತೂರಿನಲ್ಲಿ ಹಕ್ಕಿಗಳ ಅಧ್ಯಯನ ನಡೆಸುವ ಸಾಕಾನ್ ಸಂಸ್ಥೆಯ ರವಿ ಶಂಕರನ್ 1990ರ ದಶಕದಲ್ಲಿ ಅಂಡಮಾನ್ ನಿಕೋಬಾರಿನ ಗವಿಗಳನ್ನು ಹುಡುಕಿಕೊಂಡು ಅಲೆದವರು. ಹತ್ತು ವರ್ಷದಲ್ಲಿ ಈ ಹಕ್ಕಿ ಶೇಕಡಾ 80ಕ್ಕೂ ಹೆಚ್ಚು ಕಡಿಮೆಯಾಗಿದೆ ಅಂತ ಲೆಕ್ಕ ಕೊಟ್ಟರು. ಗೂಡು ಕಟ್ಟುವುದು ತಿಂಗಳಿಗೂ ಮೀರಿದ ಕೆಲಸ. ಕಟ್ಟಿದ ಹಾಗೆಲ್ಲ ಕಿತ್ತುಕೊಂಡು ಹೋದರೆ ಮೊಟ್ಟೆ ಇಡುವುದೆಲ್ಲಿ? ಶಂಕರನ್ ಅರಣ್ಯ ಇಲಾಖೆಯ ಜೊತೆ ಸೇರಿ ಗೂಡು ಕೀಳುತ್ತಿದ್ದವರನ್ನೇ ಗವಿಗೆ ಕಾವಲು ಕೂರಿಸಿದರು. ಯಾವ ಬಂಡೆಯ ಯಾವ ಸಂದಿನಲ್ಲಿ ಗೂಡಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಡಿಗ್ಲಿಪುರದ ಹತ್ತಿರ ಚಾಲೀಸ್ ಏಕ್ ಅನ್ನುವ ಗವಿಗಳ ಗುಂಪಿನಲ್ಲಿ ಈ ಕೆಲಸ ನಡೆಯಿತು. ಶಂಕರನ್ 2009ರ ಜನವರಿಯಲ್ಲಿ ತೀರಿಕೊಂಡರು. ಇನ್ನೂ ವಯಸ್ಸಾಗಿರಲಿಲ್ಲ.

ಅವರ ಇನ್ನೊಂದು ಪ್ರಯತ್ನ ಓದಿದಾಗ ಗುರುತಿಸುವ ನನ್ನ ಹೊಸ ಜಂಬವೂ ಇಳಿಯಿತು. ಗವಿಯ ಬದಲು ಮನೆಗಳಲ್ಲಿ ಈ ಹಕ್ಕಿ ನೆಲೆಯಾದರೆ ಕಾಯುವುದು ಸುಲಭ ಅಂತ, ಕಂದು ಹಕ್ಕಿಯ ಮೊಟ್ಟೆಗಳನ್ನು ತಂದು ಮನೆಯಲ್ಲಿ ಗೂಡು ಕಟ್ಟಿದ ಬಿಳಿ ಹೊಟ್ಟೆಯದರ ಗೂಡಿನಲ್ಲಿ ಇಟ್ಟು ನೋಡಿದರು. ಮರಿಗೆ ಹುಟ್ಟಿದ ಮನೆ ನೆನಪಿರುತ್ತದೆ, ದೊಡ್ಡದಾದ ಮೇಲೆ ಅಲ್ಲಿಗೇ ಬರುತ್ತದೆ ಅನ್ನುವ ಲೆಕ್ಕ. ಅಂದರೆ ಅಂಡಮಾನಿನ ಯಾವುದೋ ಮನೆಯ ಸೂರಿನಲ್ಲಿ, ನಾರು ಪಾಚಿಯ ಗೂಡಿನಲ್ಲಿ ಸಬ್ಬಕ್ಕಿ ಸಂಡಿಗೆಯವರ ಮಗು! ಗೂಡು ನೋಡಿ ಹೇಳ್ತೀನಿ ಅಂತ ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ.

ಚಪ್ಪಲಿ ಡಬ್ಬದ ವಿಷಯ ಅರ್ಧಕ್ಕೇ ಬಿಟ್ಟೆ. ಗವಿಗೆ ಹೋದ ದಿನವೇ ಬೆಳಿಗ್ಗೆ ಐದಕ್ಕೆ ಎದ್ದೆವು. ಅಲ್ಲಿ ಬೇಗ ಬೆಳಗಾಗುತ್ತದೆ, ಗಡಿಯಾರ ಮಾತ್ರ ನಮ್ಮದೇ. ಮುಚ್ಚಳ ತೆಗೆದರೆ ಹಕ್ಕಿ ಡಬ್ಬದ ಗೋಡೆಗೆ ಉಗುರು ಸಿಕ್ಕಿಸಿಕೊಂಡು ನೇತಾಡುತ್ತಿತ್ತು. ಅದರ ಕಾಲು ಇರುವುದೇ ಅದಕ್ಕೆ, ನೇತಾಡುವುದಕ್ಕೆ. ಎತ್ತಿಕೊಂಡು ಬಾಲ್ಕನಿಗೆ ಬಂದೆವು. ಹಗಲ ಬೆಳಕಿನಲ್ಲಿ ಬೆನ್ನು ಬೇರೆಯೇ ಆಗಿತ್ತು. ರಾತ್ರಿ ಕಪ್ಪು ಅಂದುಕೊಂಡಿದ್ದು ಈಗ ಓರೆ ಮಾಡಿದರೆ ನೀಲಿ. ಕೊಕ್ಕು ಅಂದರೆ ಒಂದು ಚೂರು, ಅಕ್ಕಿಯ ನುಚ್ಚಿನಷ್ಟು. ಬಾಯಿ ಮಾತ್ರ ಕಣ್ಣಿನ ಕೆಳಗಿನವರೆಗೂ ಸೀಳಿದೆ.

"ಕಾಲು ಹಿಡ್ಕೊಳ್ಳಿ, ಮೆತ್ತಗೆ" ಅಂದು ಹೆಂಡತಿ ಮೊಬೈಲಿನ ಕ್ಯಾಮೆರಾ ಹತ್ತಿರ ತಂದು ದೊಡ್ಡದು ಮಾಡಿದಳು. ಹಿಂದಿನ ಬೆರಳಿನ ಮೇಲೆ, ಉಗುರಿನಿಂದ ಒಂಚೂರು ಮೇಲೆ, ಒಂದು ಪುಟಾಣಿ ಗರಿ. ಎಳ್ಳು ಕಾಳಿಗೆ ಜುಟ್ಟು ಬಂದ ಹಾಗೆ. ಪ್ಲೂಮ್-ಟೋಡ್ ಅನ್ನುವ ಹೆಸರು ಬಂದದ್ದೇ ಇದರಿಂದ. ಹಾರುವ ಹಕ್ಕಿಯಲ್ಲಿ ಇದನ್ನು ಯಾವ ದೇವರೂ ನೋಡಲಾರ. ಹೆಸರು ಇಟ್ಟವರು ನೋಡುವವರ ಕಷ್ಟ ನೆನೆಸಿಕೊಂಡಿಲ್ಲ.

ಮೇಲಕ್ಕೆ ಎಸೆಯಬಾರದು ಅಂತ ಎಲ್ಲೋ ಓದಿದ್ದೆ. ಅಂಗೈ ಚಪ್ಪಟೆ ಮಾಡಿ ಕಟಕಟೆಯ ಆಚೆ ಚಾಚಿ ನಿಂತೆ. ಹಕ್ಕಿ ಅಲ್ಲಾಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಕೈ ನೋಯತೊಡಗಿತು. ಆಮೇಲೆ ಅದರ ಮೈ ಸಣ್ಣಗೆ ನಡುಗಿತು, ಸ್ಕೂಟರ್ ಸ್ಟಾರ್ಟ್ ಆಗುವ ಮುಂಚಿನ ಹಾಗೆ. ಅಂಗೈಯಿಂದ ಕೆಳಕ್ಕೆ ಬಿತ್ತು. ಹೆಂಡತಿ "ಅಯ್ಯೋ" ಅನ್ನುವಷ್ಟರಲ್ಲಿ ನೆಲಕ್ಕೆ ಒಂದು ಮೊಳ ಇದೆ ಅನ್ನುವಾಗ ರೆಕ್ಕೆ ಬಿಚ್ಚಿ, ಎದುರಿನ ತೆಂಗಿನ ಮರ ಸುತ್ತಿ, ಛಾವಣಿಯ ಮೇಲೆ ಹೋಗಿ ಇನ್ನಿಪ್ಪತ್ತು ಹಕ್ಕಿಗಳ ಜೊತೆ ಸೇರಿಕೊಂಡಿತು. ಯಾವುದು ನಮ್ಮದು ಅಂತ ಅರ್ಧ ಸೆಕೆಂಡಿಗೇ ಗೊತ್ತಾಗದೇ ಹೋಯಿತು.

ಮೊನ್ನೆ ಡೈರಿ ತೆಗೆದು ನೋಡಿದೆ. ಏರಿಯಲ್ ಬೇ ಜೆಟ್ಟಿ ಅನ್ನುವ ತಲೆಬರಹದ ಕೆಳಗೆ ಹೊಡೆದು ಹಾಕಿದ ಒಂದು ಸಾಲು, ಹೊಡೆದು ಹಾಕಿದ ನಕ್ಷತ್ರ. ಅದರ ಕೆಳಗೆ "ಪ್ಲೂಮ್-ಟೋಡ್, ಕಡೇಪಕ್ಷ 6." ಅದರ ಕೆಳಗೆ "ಸ್ವಿಫ್ಟ್‌ಲೆಟ್, ಯಾವುದೋ, ಸುಮಾರು 34." ಆ ಕಂದು ಹಕ್ಕಿಯ ನಾಲ್ಕು ಫೋಟೋ ಇನ್ನೂ ಲ್ಯಾಪ್‌ಟಾಪಿನಲ್ಲಿ ಹೆಸರಿಲ್ಲದ ಫೋಲ್ಡರಿನಲ್ಲಿವೆ. ಹ್ಯೂಮ್ ಇದ್ದಿದ್ದರೆ ಸರಿಯಾಗಿದೆ ಅಂತಿದ್ದ.

ಅದೇ ಪುಟದ ಅಂಚಿನಲ್ಲಿ ಹೆಂಡತಿಯ ಅಕ್ಷರ ಇದೆ. ಯಾವಾಗ ಬರೆದಳೋ, ನಾನು ಗಮನಿಸಿರಲಿಲ್ಲ. "ಟ್ಯೂಬ್‌ಲೈಟ್ ಹಕ್ಕಿ, 1. ಹೊಟ್ಟೆ ನೋಡಿದ್ದೇವೆ."